ಗೊತ್ತಿಲ್ಲದಷ್ಟು ರೊಟ್ಟಿ

ಮಲಪ್ರಭಾ ಹೊಳೆ ಅವಸರ ಬಿಟ್ಟು ಅಗಲವಾಗಿ ಹರಿಯುವ ಒಂದು ಕಡೆ, ದಂಡೆಯ ಮೇಲೆ ಸಣ್ಣದೊಂದು ಮಠವಿತ್ತು. ಮಠ ಅಂದರೆ ಎರಡು ಕೋಣೆ, ಒಂದು ಪಡಸಾಲೆ, ಒಂದು ಬೇವಿನ ಮರ. ಅಷ್ಟೇ.

ಅಲ್ಲಿದ್ದ ಗುರುಗಳನ್ನು ಜನ ಲೆಕ್ಕದ ಅಜ್ಜಾರು ಎನ್ನುತ್ತಿದ್ದರು. ಅವರು ಎಣಿಸದೆಯೇ ಎಣಿಸಿ ಹೇಳುತ್ತಾರೆ ಎಂಬ ಸುದ್ದಿ ಹೊಳೆಯ ಎರಡೂ ದಂಡೆಗೆ ಹಬ್ಬಿತ್ತು.

ಆ ವಿದ್ಯೆ ಕಲಿಯಲು ಗದಿಗೆಪ್ಪ ಬಂದ. ಕುರಿಗಾರರ ಮನೆತನದವನು, ಮೀಸೆ ಬಲಿತ ಆಳು. ಹಿಂಡು ಕಣ್ಣೆದುರು ಹಾದುಹೋದರೆ ಸಾಕು, ಇಷ್ಟೇ ಕುರಿ ಎಂದು ಹೇಳಿಬಿಡುವವನು. ಅದರ ಬಗ್ಗೆ ಅವನಿಗೆ ಸ್ವಲ್ಪ ಜಂಬವೂ ಇತ್ತು. ಇರಲಿ, ವಯಸ್ಸು.

"ಅಜ್ಜಾರ, ನನಗ ಲೆಕ್ಕ ಕಲಸ್ರಿ" ಅಂದ.

"ಮೊದಲ ರೊಟ್ಟಿ ಬಡಸು" ಅಂದರು ಅಜ್ಜಾರು.

ರೊಟ್ಟಿ ಬಡಿಸುವುದರಲ್ಲಿ ಏನು ಮಹಾ ಇದೆ ಎಂದುಕೊಂಡ ಗದಿಗೆಪ್ಪ. ಪಾಪ, ಅವನಿಗೇನು ಗೊತ್ತು!

ಆ ಮಠದ ಪದ್ಧತಿ ಹೀಗಿತ್ತು. ದಿನಾ ಬೆಳಿಗ್ಗೆ ಜೋಳಿಗೆ ಹಿಡಿದು ಊರೊಳಗೆ ಹೋಗಬೇಕು. ತಾಯಂದಿರು ಹಾಕಿದಷ್ಟು ಜೋಳದ ರೊಟ್ಟಿ ತರಬೇಕು. ಬಂದದ್ದು ಆವತ್ತೇ ಮುಗಿಯಬೇಕು. ನಾಳೆಗೆಂದು ಒಂದೂ ಉಳಿಸುವಂತಿಲ್ಲ, ಮುರಿದು ಅರ್ಧ ಮಾಡಿ ಹಂಚುವಂತಿಲ್ಲ. ರೊಟ್ಟಿ ಸಿಗದವರ ಹೊಟ್ಟೆಗೆ ಅಂಬಲಿಯ ಗಡಿಗೆ ಇತ್ತು.

ಗದಿಗೆಪ್ಪನಿಗೂ ಸದ್ಯಕ್ಕೆ ಅಂಬಲಿಯೇ. ಪಂಕ್ತಿಯಲ್ಲಿ ಕೂತು ರೊಟ್ಟಿ ತಿನ್ನುವುದು ಶಿಷ್ಯನಾದ ಮೇಲೆ.

ಪಂಕ್ತಿಯಲ್ಲಿ ಕೂರುವವರು ನಾಲ್ಕೇ ಜನ. ಆದರೆ ನಾಲ್ಕು ಜನಕ್ಕೆ ನಾಲ್ಕು ಹಟ.

ಕಟ್ಟಿಗೆ ಒಡೆಯುವ ಮಡಿವಾಳಯ್ಯ ರೊಟ್ಟಿಯನ್ನು ಮೂರು ಮೂರಾಗಿ ಮಾತ್ರ ತಿನ್ನುವವರು. ಬಿಲ್ವಪತ್ರೆಗೆ ಮೂರು ದಳ, ತಮ್ಮ ತಟ್ಟೆಗೂ ಅದೇ ಲೆಕ್ಕ. ಮೂರು ಹಾಕು, ಆರು ಹಾಕು, ಒಂಬತ್ತು ಹಾಕು, ಇಲ್ಲವೇ ಏನೂ ಹಾಕಬೇಡ.

ಚರಂತಯ್ಯ ಕಡ್ಡಿಯಂಥ ಮನುಷ್ಯ. ಎರಡರ ಮೇಲೆ ಮೂರನೆಯ ರೊಟ್ಟಿ ಮುಟ್ಟುವುದಿಲ್ಲವೆಂದು ವ್ರತ. ಮಡಿವಾಳಯ್ಯನವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಹೊಟ್ಟೆಬಾಕ ಎಂದು ಇವರು, ಗಾಳಿ ತಿಂದು ಬದುಕುವ ಹಾವು ಎಂದು ಅವರು. ಇಬ್ಬರೂ ಪಂಕ್ತಿಯ ಆ ತುದಿಗೊಬ್ಬರು, ಈ ತುದಿಗೊಬ್ಬರು.

ಮುದುಕಿ ನಿಂಬೆವ್ವನದು ಜೋಡಿ ರೊಟ್ಟಿಯ ನೇಮ. ತನಗೊಂದು ಬಿದ್ದರೆ ಹೊಳೆದಂಡೆಯ ನಾಯಿಗಳಿಗೊಂದು ಬೀಳಬೇಕು. ಒಂಟಿ ರೊಟ್ಟಿ ಕಂಡರೆ ಆಕೆ ತಟ್ಟೆಯನ್ನೇ ದೂಡುವಳು.

ಇನ್ನು ಅಜ್ಜಾರು. ಸಿಕ್ಕರೆ ಒಂದು, ಸಿಗದಿದ್ದರೆ ಇಲ್ಲ.

ಒಂದು ದಿನ ಜೋಳಿಗೆಯಲ್ಲಿ ಒಂಬತ್ತು ರೊಟ್ಟಿ ಬಂದವು. ಗದಿಗೆಪ್ಪ ಸಾಲು ಹಿಡಿದು ಬಡಿಸುತ್ತ ಹೋದ. ಮಡಿವಾಳಯ್ಯನವರಿಗೆ ಮೂರು. ನಿಂಬೆವ್ವನಿಗೆ ಎರಡು. ಅಜ್ಜಾರಿಗೆ ಒಂದು. ಚರಂತಯ್ಯನವರಿಗೆ ಎರಡು.

ಬುಟ್ಟಿಯಲ್ಲಿ ಒಂದು ಉಳಿಯಿತು.

ಗದಿಗೆಪ್ಪ ಅತ್ತ ನೋಡಿದ, ಇತ್ತ ನೋಡಿದ. ಚರಂತಯ್ಯನವರು ಕಣ್ಣು ಮುಚ್ಚಿ ಶಿವನಾಮ ಹೇಳುತ್ತಿದ್ದರು. ಹೇಗೂ ಬಡಕಲು ಜೀವ, ಒಂದು ಹೆಚ್ಚು ತಿಂದರೆ ಏನಾಯಿತು ಎಂದು ಆ ರೊಟ್ಟಿಯನ್ನು ಅವರ ತಟ್ಟೆಯ ಎರಡರ ಅಡಿಗೆ ಸರಿಸಿಬಿಟ್ಟ.

ಚರಂತಯ್ಯ ಕಣ್ಣು ತೆರೆದರು. ಎಣಿಸಿದರು. ಕೈ ಮುಗಿದು ಎದ್ದು, ಉಣ್ಣದೆ ಹೊಳೆಯ ಕಡೆ ನಡೆದುಬಿಟ್ಟರು.

"ಹೋತು, ಹಾವಿಗೆ ಗಾಳಿನೂ ಹೆಚ್ಚಾತು!" ಎಂದು ಮಡಿವಾಳಯ್ಯ ನಕ್ಕರು. "ಹಸದಾಂವನ್ನ ಎಬ್ಬಿಸಿದ್ಯಲ್ಲೋ, ನಿನ್ನ ಕೈ ಸೇದಲಿ!" ಎಂದು ನಿಂಬೆವ್ವ ಬೈದಳು. ಗದಿಗೆಪ್ಪನಿಗೆ ಅವಮಾನವಾಯಿತು. ಅವಮಾನ ಸಿಟ್ಟಾಗಲು ಎಷ್ಟು ಹೊತ್ತು?

ಸಂಜೆ ಅಜ್ಜಾರ ಮುಂದೆ ಹೋಗಿ ನಿಂತ.

"ಅಜ್ಜಾರ, ಇವರ ಜೋಡಿ ಆಗೂದಿಲ್ರಿ. ಒಬ್ಬರನ್ನಾರ ಬ್ಯಾರೆ ಮಠಕ್ಕ ಕಳಸ್ರಿ. ಇಲ್ಲಾಂದ್ರ ನಾ ಹೋಗತೀನಿ."

"ಯಾರನ್ನ ಕಳಸಲಿ?"

"ಮಡಿವಾಳಯ್ಯನೋರನ್ನ..." ಎಂದು ಶುರು ಮಾಡಿ ತಡೆದ. "ಅಲ್ರಿ, ಚರಂತಯ್ಯನೋರನ್ನ."

"ಆತು. ಒಂದು ಮಾತು ಹೇಳು. ಒಂಬತ್ತು ರೊಟ್ಟಿ ಇದ್ದುವು. ಯಾರ ನೇಮಾನೂ ಮುರೀದಂಗ, ಬುಟ್ಟಿ ಖಾಲಿ ಆಗುವಂಗ, ಎಷ್ಟು ಥರ ಬಡಸಬಹುದಿತ್ತು?"

"ಒಂದೂ ಇಲ್ರಿ. ಇದ್ರ ನಾ ಬಡಸತಿದ್ದಿಲ್ಲೇನ್ರಿ?"

"ಎಣಿಸು" ಅಂದರು ಅಜ್ಜಾರು.

ಮರುದಿನ ಗದಿಗೆಪ್ಪ ದಂಡೆಯ ಮರಳಿನಲ್ಲಿ ನಾಲ್ಕು ತಟ್ಟೆ ಗೀರಿದ. ಒಂಬತ್ತು ಹರಳು ಆರಿಸಿ ತಂದು ಹಂಚತೊಡಗಿದ. ಮಡಿವಾಳಯ್ಯನವರಿಗೆ ಆರು, ಚರಂತಯ್ಯನವರಿಗೆ ಒಂದು, ನಿಂಬೆವ್ವನಿಗೆ ಎರಡು, ಅಜ್ಜಾರಿಗೆ ಇಲ್ಲ. ಅಯ್ಯೋ, ಆಯಿತಲ್ಲ! ಇನ್ನೊಂದು ಥರ ಸಿಕ್ಕಿತು. ಮತ್ತೊಂದು. ಮೊದಲ ಸಲ ಏಳು ಥರ ಬಂತು, ಕೆಲವು ಮರೆತಿದ್ದ. ಎರಡನೆಯ ಸಲ ಹದಿಮೂರು, ಕೆಲವನ್ನು ಎರಡೆರಡು ಸಲ ಎಣಿಸಿದ್ದ. ಬಿಸಿಲು ಏರಿ ಇಳಿಯುವ ಹೊತ್ತಿಗೆ ಸರಿಯಾದ ಲೆಕ್ಕ ಸಿಕ್ಕಿತು.

"ಹತ್ತು ಥರ ಐತ್ರಿ ಅಜ್ಜಾರ" ಎಂದ. ಒಂದೂ ಇಲ್ಲ ಎಂದಿದ್ದ ಬಾಯಲ್ಲಿ ಹತ್ತು ಎನ್ನುವಾಗ ಅವನಿಗೆ ನಾಚಿಕೆಯೂ ಆಯಿತು, ಒಳಗೊಳಗೆ ಖುಷಿಯೂ ಆಯಿತು.

"ಚಲೋ. ನಾಳೆ ಎಷ್ಟು ರೊಟ್ಟಿ ಬರತಾವ?"

"ಅದ್ಹೆಂಗ ಹೇಳಲ್ರಿ? ತಾಯಂದ್ರ ಕೈಯಾಗ ಐತಿ. ಯಾರಿಗೆ ಗೊತ್ತು?"

"ಹಂಗಾರ ಗೊತ್ತಿಲ್ಲದಷ್ಟು ರೊಟ್ಟಿಗೆ ಎಣಿಸು."

ಗದಿಗೆಪ್ಪ ನಕ್ಕ. ಅಜ್ಜಾರು ನಗಲಿಲ್ಲ.

"ನೀ ಹೇಳಿದಿ ಅಂದ್ರ, ಯಾರ ಹೆಸರು ಹೇಳತಿ ಅವರನ್ನ ಕಳಸತೀನಿ. ಹೇಳಾಕ ಆಗಲಿಲ್ಲಂದ್ರ ನೀನ ಗಂಟು ಕಟ್ಟು."

ಆಡಿದ ಮಾತು ತನ್ನ ಕೊರಳಿಗೇ ಬಂತು. ಮಠ ಬಿಟ್ಟು ಹೋಗುತ್ತೇನೆ ಎಂದವನಿಗೆ, ಹೋಗು ಎನ್ನುವ ಮಾತು ಕೇಳಿದ ಮೇಲೆಯೇ ಹೋಗಲು ಮನಸ್ಸಿಲ್ಲ ಎಂಬುದು ತಿಳಿದದ್ದು.

ಮರುದಿನ ಹತ್ತು ರೊಟ್ಟಿಗೆ ಎಣಿಸಿದ. ಒಮ್ಮೆ ಎಂಟು ಬಂತು, ಒಮ್ಮೆ ಹದಿನಾಲ್ಕು. ಹನ್ನೆರಡಕ್ಕೆ ಎಣಿಸುವಾಗ ಹರಳು ಯಾವುದು, ತಟ್ಟೆ ಯಾವುದು ಎಂದೇ ತಿಳಿಯದಾಯಿತು. ಕುರಿ ಎಣಿಸುವ ಜಾಣತನವೆಲ್ಲ ಮರಳಿನಲ್ಲಿ ಇಂಗಿಹೋಯಿತು.

ಅಜ್ಜಾರು ಸ್ನಾನಕ್ಕೆಂದು ದಂಡೆಗೆ ಬಂದರು. ಹರಳುಗಳನ್ನೆಲ್ಲ ಬಾಚಿ ಹೊಳೆಗೆ ಎಸೆದರು.

"ಅಯ್ಯಯ್ಯ, ಅಜ್ಜಾರ!"

"ನೀ ರೊಟ್ಟಿ ಎಣಸಾಕತ್ತಿ. ಅದಕ್ಕ ದಿನಾ ಹೊಸಾ ತ್ರಾಸ. ರೊಟ್ಟಿ ದಿನಾ ಬ್ಯಾರೆ, ಮಂದಿ ದಿನಾ ಅವರ. ಮಂದಿನ್ನ ಬರಿ."

"ಮಂದಿನ್ನ ಹೆಂಗ ಬರೀಲ್ರಿ?"

"ಚರಂತಯ್ಯ ಎಂಥಾವರು?"

"ಸಿಟ್ಟಿನವರ್ರಿ. ಬಾಳ ಹಟ."

"ರೊಟ್ಟಿ ಮುಂದ ಎಂಥಾವರು?"

"ಏನೂ ಇಲ್ಲ, ಇಲ್ಲಾ ಒಂದು, ಇಲ್ಲಾ ಎರಡು."

"ಅದನ್ನ ಬರಿ. ರೊಟ್ಟಿಗೆ ರೊ ಅಂತ ಒಂದಕ್ಷರ ಸಾಕು. ಎಷ್ಟು ಅನ್ನೂದನ್ನ ಅದರ ತಲಿ ಮ್ಯಾಲೆ ಸಣ್ಣಗ ಇಡು. 'ಇಲ್ಲಾ' ಅನ್ನೂ ಕಡೆ ಕೂಡಿಸೂ ಗುರ್ತು ಹಾಕು."

ಗದಿಗೆಪ್ಪ ಕಡ್ಡಿ ಹಿಡಿದು ಗೀಚಿದ: 0 + ರೊ + ರೊ².

ಅಜ್ಜಾರು ಸೊನ್ನೆಯನ್ನು ಅಂಗೈಯಿಂದ ಒರೆಸಿದರು.

"ಯಾಕ್ರಿ? ಏನೂ ತಿನ್ನದಿದ್ರ ಸೊನ್ನಿ ಅಲ್ಲೇನ್ರಿ?"

"ಉಪಾಸ ಇರಾಕ ಎಷ್ಟು ದಾರಿ?"

ಗದಿಗೆಪ್ಪ ಯೋಚಿಸಿದ. ತಟ್ಟೆ ಖಾಲಿ, ಆದರೆ ಹಾಗೆ ಖಾಲಿ ಇಡುವುದೂ ಒಂದು ಬಡಿಸುವ ರೀತಿಯೇ. "ಒಂದ ದಾರಿ ಐತ್ರಿ" ಎಂದು ಸೊನ್ನೆ ಇದ್ದ ಕಡೆ ಒಂದು ಬರೆದ.

1 + ರೊ + ರೊ². ಚರಂತಯ್ಯನವರು ಪೂರ್ತಿಯಾಗಿ ಮರಳಿನ ಮೇಲೆ ಕೂತಿದ್ದರು. ಸಿಟ್ಟೊಂದು ಬಿಟ್ಟು.

"ಅಜ್ಜಾರ, ಈ ರೊ ಅಂದ್ರ ಎಷ್ಟ್ರಿ?"

"ಎಷ್ಟೂ ಅಲ್ಲ" ಎಂದು ಅಜ್ಜಾರು ನೀರಿಗೆ ಇಳಿದರು.

ಎಷ್ಟೂ ಅಲ್ಲ ಎಂದರೆ ಯಾರಿಗೆ ಸಮಾಧಾನ? ಗದಿಗೆಪ್ಪ ರೊ ಜಾಗದಲ್ಲಿ ಒಂದು ಇಟ್ಟು ನೋಡಿದ, ಮೂರು ಬಂತು. ಎರಡು ಇಟ್ಟ, ಏಳು ಬಂತು. ಏಳು ಏನು, ಯಾರ ಏಳು? ಅಜ್ಜಾರು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವನ ಮುಖ ಬಾಡಿತ್ತು.

"ಸಂತಿಯೊಳಗ ಹಮಾಲಿ ಮೂಟಿ ಹೊತ್ತು ಹೊಂಟಾನ. ನಿನಗ ಏನು ಬೇಕು, ಮೂಟಿನೋ ಹಮಾಲಿನೋ?"

"ಮೂಟಿರಿ."

"ರೊ ಹಮಾಲಿ. ತಲಿ ಮ್ಯಾಲಿನ ಮೂಟಿ ನೋಡು. ಹಮಾಲಿಗೆ ಕಿಮ್ಮತ್ತು ಕಟ್ಟಾಕ ಹೋಗಬ್ಯಾಡ. ಮಡಿವಾಳಯ್ಯನ್ನ ಬರಿ."

ಗದಿಗೆಪ್ಪ ಬರೆಯತೊಡಗಿದ. 1 + ರೊ³ + ರೊ⁶ + ರೊ⁹ + ರೊ¹² ಎನ್ನುತ್ತ ಬಗ್ಗಿಕೊಂಡೇ ದಂಡೆಗುಂಟ ಹೊರಟ. ನೀರು ತರುವ ಹೆಂಗಸರು ದಾರಿ ಬಿಟ್ಟು ನಿಂತರು. ಕೊನೆಗೆ ಮುಳ್ಳುಕಂಟಿ ಅಡ್ಡ ಬಂದು ನಿಲ್ಲಿಸಿತು.

"ಅಜ್ಜಾರ! ಇವರು ಮುಗಿಯೂದ ಇಲ್ರಿ!" ಎಂದು ಅಲ್ಲಿಂದಲೇ ಕೂಗಿದ.

"ಮುಗಸು ಅಂತ ಯಾರು ಅಂದ್ರು? ನೀರಡಿಸಿದಾಂವ ಹೊಳಿ ಪೂರ್ತಿ ಕುಡದ ಮ್ಯಾಲೆ ಏಳತಾನೇನು? ಸಾಲು ಹಿಂಗ ಹೋಗತೈತಿ ಅಂತ ಗೊತ್ತಾತಲ್ಲ, ಬಿಡು. ಈಗ ಇಬ್ಬರನ್ನೂ ಕೂಡ ಕುಂಡ್ರಸು."

ಗದಿಗೆಪ್ಪ ಎರಡೂ ಸಾಲನ್ನು ಕೂಡಿಸಿದ. ಅಜ್ಜಾರು ತಲೆ ಅಲ್ಲಾಡಿಸಿದರು.

"ಕೂಡಿಸಿದ್ರ ಇವರು ಇಲ್ಲಾ ಅವರು ಅಂದಂಗಾತು. ಒಬ್ಬರು ಉಣತಾರ, ಒಬ್ಬರು ಎದ್ದು ಹೊಳಿಗೆ ಹೋಗತಾರ. ಅದನ್ನ ನೀ ಆಗಲೇ ಮಾಡಿದಿ. ಇಬ್ಬರೂ ಕೂತು ಉಣ್ಣಬೇಕಂದ್ರ ಗುಣಿಸು."

"ಹೆಂಗ್ರಿ?"

"ಮಡಿವಾಳಯ್ಯನ ಒಂದೊಂದಕ್ಕೂ ಚರಂತಯ್ಯನ ಮೂರನ್ನೂ ಜೋಡಸು. ಜೋಡಿಸಿದಾಗ ತಲಿ ಮ್ಯಾಲಿನ ಮೂಟಿ ಕೂಡತಾವ. ಮೂರು ಹೊತ್ತಾಂವ, ಎರಡು ಹೊತ್ತಾಂವ ಸೇರಿದ್ರ ಐದು."

ಅಷ್ಟು ಹೇಳಿ ಅಜ್ಜಾರು ಪೂಜೆಗೆ ಹೋದರು.

ಗದಿಗೆಪ್ಪ ಒಬ್ಬನೇ ಕೂತು ಗುಣಿಸಿದ. ಮಡಿವಾಳಯ್ಯನವರದು ಏನೂ ಇಲ್ಲದಿದ್ದಾಗ ಚರಂತಯ್ಯನವರದು ಇಲ್ಲ, ಒಂದು, ಎರಡು. ಬರೆದ: 1 + ರೊ + ರೊ². ಮಡಿವಾಳಯ್ಯನವರದು ಮೂರಾದಾಗ ಒಟ್ಟು ಮೂರು, ನಾಲ್ಕು, ಐದು. ಬರೆದ: + ರೊ³ + ರೊ⁴ + ರೊ⁵. ಆರಾದಾಗ ಆರು, ಏಳು, ಎಂಟು.

ಕೈ ನಿಂತಿತು.

ಮೊದಲಿನಿಂದ ನೋಡಿದ. ಒಂದೂ ತಪ್ಪಿರಲಿಲ್ಲ. ಒಂದೂ ಎರಡು ಸಲ ಬಂದಿರಲಿಲ್ಲ. ಮೂರನ್ನು ಬಿಟ್ಟರೆ ಬೇರೆ ಗೊತ್ತಿಲ್ಲದ ಮನುಷ್ಯ, ಎರಡನ್ನು ದಾಟದ ಮನುಷ್ಯ. ಇಬ್ಬರನ್ನೂ ಮಗ್ಗುಲಲ್ಲಿ ಕೂರಿಸಿದರೆ ಎಷ್ಟು ರೊಟ್ಟಿ ಬಂದರೂ ಸರಿ, ಅಷ್ಟನ್ನೂ ತಿನ್ನುತ್ತಾರೆ! ಅದೂ ಒಂದೇ ಒಂದು ರೀತಿಯಲ್ಲಿ!

"ಏ ನಿಂಬೆವ್ವಾ! ಇಲ್ನೋಡ ಬಾರವ್ವಾ!" ಎಂದು ಚೀರಿದ. ಆಕೆ ಏನು ಹಾವು ಕಚ್ಚಿತೋ ಎಂದು ಓಡಿ ಬಂದಳು. ಹಿಂದೆ ನಾಯಿಗಳೂ ಬಂದವು. ಗದಿಗೆಪ್ಪ ಧೋತರ ಎತ್ತಿ ಕಟ್ಟಿ ಮರಳಿನ ಸಾಲಿನ ಸುತ್ತ ಕುಣಿಯುತ್ತಿದ್ದ.

"ಹುಚ್ಚು ಹಿಡದೈತೇನೋ ನಿನಗ?"

"ಹೌದವ್ವಾ, ಹಿಡದೈತಿ! ನಿಂದೂ ಬರೀತೀನಿ ತಡಿ!"

ನಿಂಬೆವ್ವನನ್ನು ಬರೆದ: 1 + ರೊ² + ರೊ⁴ + ರೊ⁶, ಹೀಗೆ ಮುಂದೆ. ತನ್ನ ಹೆಸರಿನ ಮುಂದೆ ಅಷ್ಟುದ್ದ ಗೀಚಿದ್ದು ನೋಡಿ ಆಕೆಗೆ ಸಂತೋಷವೇ ಆಯಿತು. ಇನ್ನು ಉಳಿದವರು ಅಜ್ಜಾರು. ಗುರುವನ್ನು ಮರಳಿನ ಮೇಲೆ ಬರೆಯಲು ಗದಿಗೆಪ್ಪನ ಕೈ ಹಿಂಜರಿಯಿತು.

"ಬರಿ, ಬರಿ" ಎಂದು ಹಿಂದಿನಿಂದ ದನಿ ಬಂತು. ಅಜ್ಜಾರು ಯಾವಾಗ ಬಂದು ನಿಂತಿದ್ದರೋ. "ನಾನೇನು ಕಡಿಮಿ ಹಟದಾಂವ ಅಲ್ಲ."

1 + ರೊ. ಗುರುಗಳು ಅಷ್ಟೇ ಉದ್ದ.

ಜೋಡಿ ರೊಟ್ಟಿಯವಳನ್ನೂ ಒಂದೇ ರೊಟ್ಟಿಯವರನ್ನೂ ಗುಣಿಸಿದ. ಮತ್ತೆ ಅದೇ ತುಂಬಿದ ಸಾಲು. ಸೊನ್ನೆ, ಒಂದು, ಎರಡು, ಮೂರು, ಎಲ್ಲವೂ, ಒಂದೊಂದೇ ಸಲ. ಗದಿಗೆಪ್ಪನ ಕಣ್ಣಲ್ಲಿ ನೀರು ಬಂತು. ಲೆಕ್ಕ ಮಾಡಿ ಅತ್ತವನು ಆ ದಂಡೆಯಲ್ಲಿ ಅವನೇ ಮೊದಲಿಗನಿರಬೇಕು.

ಕೊನೆಗೆ ಎರಡು ತುಂಬಿದ ಸಾಲುಗಳನ್ನೂ ಗುಣಿಸಿದ. ಈಗ ಕಡ್ಡಿ ತಡೆಯಲಿಲ್ಲ.

1 + 2ರೊ + 3ರೊ² + 4ರೊ³ + 5ರೊ⁴...

"ತಲಿ ಮ್ಯಾಲಿಂದು ಎಷ್ಟು ರೊಟ್ಟಿ ಅಂತ್ರಿ. ಮುಂದಿಂದು ಎಷ್ಟು ಥರ ಅಂತ್ರಿ" ಎಂದು ಒಂದೇ ಉಸಿರಿಗೆ ಹೇಳಿದ. "ರೊಟ್ಟಿ ಎಷ್ಟೋ, ಅದಕ್ಕಿಂತ ಒಂದು ಹೆಚ್ಚಿಗಿ ಥರ! ಮಡಿವಾಳಯ್ಯನೋರು ಚರಂತಯ್ಯನೋರ ಜೋಡಿಗೆ ಒಂದೂ ಕೊಡದ ಹಿಡದು ಎಲ್ಲಾ ಕೊಡೂತನಕ ಕೊಡಬಹುದು, ಉಳದದ್ದು ನಿಮ್ಮ ಜೋಡಿಗೆ. ಒಂಬತ್ತಕ್ಕ ಹತ್ತು. ನೂರಕ್ಕ ನೂರಾ ಒಂದ್ರಿ!"

"ಜೋಳಿಗಿ ಖಾಲಿ ಬಂದ್ರ?"

"ಆಗೂ ಒಂದು ಥರ ಐತ್ರಿ. ಎಲ್ಲಾರೂ ಅಂಬಲಿ."

ಅಜ್ಜಾರು ಗಟ್ಟಿಯಾಗಿ ನಕ್ಕರು. ಅವರು ಹಾಗೆ ನಕ್ಕದ್ದನ್ನು ಗದಿಗೆಪ್ಪ ಅದುವರೆಗೆ ಕೇಳಿರಲಿಲ್ಲ.

ಮರುದಿನ ತಾಯಂದಿರ ಕೈ ಧಾರಾಳವಾಗಿತ್ತು. ಜೋಳಿಗೆಯಲ್ಲಿ ಹದಿನೇಳು ರೊಟ್ಟಿ. ಗದಿಗೆಪ್ಪ ಪಂಕ್ತಿ ಹಾಕುವಾಗ ಚರಂತಯ್ಯನವರ ಮಣೆಯನ್ನು ತಂದು ಮಡಿವಾಳಯ್ಯನವರ ಮಗ್ಗುಲಿಗೆ ಇಟ್ಟ.

"ಇವರ ಮಗ್ಗಲಕ ನಾ ಕೂಡೂದಿಲ್ಲ" ಅಂದರು ಚರಂತಯ್ಯ.

"ಮೊನ್ನೆ ಮಾಡಿದ ತಪ್ಪಿಗೆ ಕಾಲು ಮುಗೀತೀನ್ರಿ. ಇದೊಂದು ಸಲ ಕೂಡ್ರಿ. ನೀವು ಕೂತ್ರ ಮಾತ್ರ ಅವರ ಊಟ ನೆಟ್ಟಗಾಗತೈತಿ."

"ಯಾಂವ ಅಂದಾಂವ?" ಎಂದು ಮಡಿವಾಳಯ್ಯ ಗುಡುಗಿದರು.

"ಲೆಕ್ಕ ಅಂದೈತ್ರಿ. ಅವರ ಊಟಾನೂ ನೀವು ಕೂತ್ರ ಮಾತ್ರ."

ಇಬ್ಬರೂ ಮುಖ ಮುಖ ನೋಡಿಕೊಂಡರು. ಕೂತರು.

ಗದಿಗೆಪ್ಪ ಆ ಜೋಡಿಗೆ ಎಂಟು ರೊಟ್ಟಿ ಎತ್ತಿಟ್ಟ, ಈ ಜೋಡಿಗೆ ಒಂಬತ್ತು. ಮಡಿವಾಳಯ್ಯನವರಿಗೆ ಆರು, ಚರಂತಯ್ಯನವರಿಗೆ ಎರಡು. ನಿಂಬೆವ್ವನಿಗೆ ಎಂಟು, ನಾಯಿಗಳಿಗೆ ಆವತ್ತು ಹಬ್ಬ. ಅಜ್ಜಾರಿಗೆ ಒಂದು. ಬುಟ್ಟಿಯನ್ನು ಬೋರಲು ಮಾಡಿ ಎಲ್ಲರಿಗೂ ತೋರಿಸಿದ. ಒಂದು ಚೂರೂ ಉದುರಲಿಲ್ಲ.

ಚರಂತಯ್ಯ ತಮ್ಮ ಎರಡನ್ನೂ ನಿಧಾನವಾಗಿ ತಿಂದರು. ಆಮೇಲೆ, ಯಾರನ್ನೂ ನೋಡದೆ, ತಮ್ಮ ಚಟ್ನಿಯನ್ನು ಮಡಿವಾಳಯ್ಯನವರ ತಟ್ಟೆಯತ್ತ ಸರಿಸಿದರು. ಮಡಿವಾಳಯ್ಯ ಬೇಡ ಅನ್ನಲಿಲ್ಲ.

ಊಟ ಮುಗಿಯಿತು. ಅಜ್ಜಾರು ಕೈ ತೊಳೆದು ಪಡಸಾಲೆಯ ಕಟ್ಟೆಯ ಮೇಲೆ ಕೂತು ಗದಿಗೆಪ್ಪನನ್ನು ಕರೆದರು.

"ಗೊತ್ತಿಲ್ಲದಷ್ಟಕ್ಕ ಎಣಿಸಿದಿ. ಮಾತು ಅಂದ್ರ ಮಾತು. ಹೇಳು, ಯಾರನ್ನ ಕಳಸಲಿ?"

ಪಡಸಾಲೆಯಲ್ಲಿದ್ದವರೆಲ್ಲ ಇತ್ತ ತಿರುಗಿದರು. ಹೀಗೊಂದು ಕರಾರು ಇತ್ತೆಂದು ಅವರಿಗೆ ಗೊತ್ತೇ ಇರಲಿಲ್ಲ. ನಿಂಬೆವ್ವ ಸೆರಗು ಬಾಯಿಗೆ ಇಟ್ಟುಕೊಂಡಳು.

ಗದಿಗೆಪ್ಪ ಕೈ ಮುಗಿದ.

"ಯಾರನ್ನೂ ಬ್ಯಾಡ್ರಿ. ಚರಂತಯ್ಯನೋರು ಹೋದ್ರ ಆ ಸಾಲಿನಾಗ ತೂತು ಬೀಳತಾವ. ಮಡಿವಾಳಯ್ಯನೋರು ಹೋದ್ರ ಎರಡರ ಮುಂದ ಸಾಲು ಇರೂದಿಲ್ಲ. ಯಾರು ಹೋದ್ರೂ ತ್ರಾಸ ಕಡಿಮಿ ಆಗೂದಿಲ್ರಿ, ಹೆಚ್ಚಾಗತೈತಿ. ಕಳಸ್ರಿ ಅಂದದ್ದು ನನ್ನ ದಡ್ಡತನ."

"ಅವರ ಹಟ ಬಿಡಸಲೇನು ಹಂಗಾರ?"

"ಬ್ಯಾಡ್ರೀ ಅಜ್ಜಾರ! ಹಟ ಬಿಟ್ರ ಲೆಕ್ಕ ಕೆಡತೈತಿ!"

ಮಡಿವಾಳಯ್ಯನವರು ಮೊದಲು ನಕ್ಕರು. ಆಮೇಲೆ ಚರಂತಯ್ಯನವರು. ಆ ಇಬ್ಬರೂ ಒಂದೇ ಮಾತಿಗೆ ನಕ್ಕದ್ದು ಕೇಳಿ ನಾಯಿಗಳೂ ಬೊಗಳಿದವು.

ಅಜ್ಜಾರು ಒಳಗೆ ಹೋಗಿ ಒಂದು ಕಂಚಿನ ತಟ್ಟೆ ತಂದರು. ಬೂದಿ ಹಚ್ಚಿ ತಿಕ್ಕಿ ತೊಳೆದಿದ್ದ ತಟ್ಟೆ. ಅದನ್ನು ಗದಿಗೆಪ್ಪನ ಕೈಗೆ ಇಟ್ಟರು.

"ನಾಳೆಯಿಂದ ನೀನೂ ಪಂಕ್ತಿಯೊಳಗ ಕೂಡು. ನಿನ್ನ ಸಾಲು ಏನು ಅಂತ ಬರೀಬೇಕಲ್ಲ. ನೀ ಎಷ್ಟು ತಿನ್ನತಿ?"

ಗದಿಗೆಪ್ಪ ತಟ್ಟೆಯನ್ನು ಎದೆಗೆ ಒತ್ತಿಕೊಂಡ. ಅವನಿಗೆ ಆ ಕ್ಷಣ ಜಗತ್ತಿನಲ್ಲಿ ಯಾವ ತಕರಾರೂ ಉಳಿದಿರಲಿಲ್ಲ.

"ನನಗ ಹಟ ಅನ್ನೂದ ಇಲ್ರಿ ಅಜ್ಜಾರ. ಬಂದದ್ದು ಬಂದಷ್ಟು ತಿಂತೀನಿ."

ಅಜ್ಜಾರು ಅವನ ಭುಜದ ಮೇಲೆ ಕೈ ಇಟ್ಟರು.

"ಬಂದದ್ದು ಬಂದಷ್ಟು ತಿನ್ನೂದು ಇಬ್ಬರ ಕೆಲಸ, ತಮ್ಮಾ. ನೀ ಮೊದಲ ನಿನ್ನ ಹಟ ಏನು ಅಂತ ಹುಡುಕು, ನಾ ಅದಕ್ಕ ಒಂದು ಜೋಡಿ ಹುಡುಕತೀನಿ."